ಫುಟ್‌ಪಾತಿನ ರಂಗೋಲಿ

ನಾನು ಚೆನ್ನಾಗಿ ಮಾಡುವ ಕೆಲಸ ಒಂದೇ, ಕಸ ಹೊಡೆಯುವುದು. ಅದನ್ನು ತೀರಾ ಚೆನ್ನಾಗಿ ಮಾಡಿ ನಮ್ಮವ್ವನಿಗೆ ಸಿಗಬೇಕಾಗಿದ್ದ ಮಂಚವನ್ನು ತಪ್ಪಿಸಿದೆ.

ನಾವು ಲಿಂಗಸೂಗೂರು ಕಡೆಯವರು. ಅವ್ವ ಹಂಪಮ್ಮ ತೆಲುಗು ಸೀಮೆಯ ಶಹರದಲ್ಲಿ, ತಾರ್ನಾಕದ ಒಂದು ದೊಡ್ಡ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಿದ್ದಳು, ನಾನು ಮರಳು. ಈ ಕೆಲಸಕ್ಕೆ ಬಂದವರು ಕಟ್ಟಡದ ಬುಡದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿರುತ್ತಾರೆ. ಕಟ್ಟಡ ಮುಗಿದರೆ ಶೆಡ್ಡು ಕೀಳುತ್ತಾರೆ. ಅಂದರೆ ಎಷ್ಟು ಬೇಗ ಕೆಲಸ ಮಾಡುತ್ತೇವೋ ಅಷ್ಟು ಬೇಗ ನಾವು ಬೀದಿಗೆ. ಇಷ್ಟು ಸರಳ ಲೆಕ್ಕ ನನಗೆ ಹೊಳೆದದ್ದು ಶೆಡ್ಡು ಕಿತ್ತ ಮೇಲೆ. ಅದಕ್ಕೆ ಮೊದಲೇ ಅವ್ವ ಹಲಗೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಮೇಸ್ತ್ರಿ ಉಳಿದವರನ್ನು ಕರೆದುಕೊಂಡು ಶಂಶಾಬಾದಿನ ಹೊಸ ಕೆಲಸಕ್ಕೆ ಹೋದ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಅವ್ವ, ನಾನು ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಬದಿಯ ಫುಟ್‌ಪಾತಿಗೆ ಬಂದೆವು. ಪ್ಲಾಸ್ಟರ್ ನೆನೆಯಬಾರದು ಅಂದಿದ್ದರು ಡಾಕ್ಟರು. ಮಳೆಗಾಲ ಶುರುವಾಗುವುದರಲ್ಲಿತ್ತು.

ಸರ್ಕಾರದ ಹಣದಲ್ಲಿ ನಡೆಯುವ ಹೆಂಗಸರ ಶೆಲ್ಟರ್ ಒಂದಿದೆ, ಮಂಚ, ಊಟ ಕೊಡುತ್ತಾರೆ, ನರ್ಸ್ ಬರುತ್ತಾಳೆ ಎಂದು ತಿಳಿಸಿದ್ದು ಪಕ್ಕದಲ್ಲಿ ಮಲಗುತ್ತಿದ್ದ ಹುಸೇನಮ್ಮ. ನಿಜವಾಗಿ ಮನೆ ಇಲ್ಲದವರು ಯಾರು ಎಂದು ನೋಡಲು ನಾಳೆ ಬೆಳಿಗ್ಗೆ ಅಲ್ಲಿಯವರೇ ಬರುತ್ತಾರಂತೆ.

"ಸರ್ಕಾರದವರು ಬರಾಕತ್ತಾರ," ಅಂದಳು ಅವ್ವ. "ನಾಚಿಗಿ ಆಗಂಗ ಇರಬ್ಯಾಡ. ಕಸಾ ಹೊಡಿ."

ಹೇಳುವುದೇ ಬೇಕಿರಲಿಲ್ಲ. ನಮ್ಮೂರ ಶಾಲೆಗೆ ಸಾಹೇಬರು ಬರುವ ದಿನ ಕಸಬರಿಗೆ ಯಾವಾಗಲೂ ನನ್ನ ಕೈಗೇ ಬರುತ್ತಿತ್ತು. ಆರನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಪೂರಾ ತಲೆಗೆ ಹತ್ತಿದ ಪಾಠ ಅದೊಂದೇ. ಬೆಳಿಗ್ಗೆ ಎದ್ದು ಫುಟ್‌ಪಾತ್ ಗುಡಿಸಿದೆ, ನೀರು ಚಿಮುಕಿಸಿದೆ. ಹುಣಸೆಹಣ್ಣು ಹಚ್ಚಿ ಚೆಂಬು ತಿಕ್ಕಿದೆ. ಅವ್ವನ ಮದುವೆ ಸೀರೆಯನ್ನು ಪರದೆಯ ಹಾಗೆ ಕಟ್ಟಿದೆ. ಮುಂದೆ ನವಿಲಿನ ರಂಗೋಲಿ ಹಾಕಿದೆ.

ಜ್ವರ ಬಂದು ಹರಕು ಕೌದಿಯಲ್ಲಿ ಮುದುಡಿದ್ದ ಹುಸೇನಮ್ಮ ಒಂದೇ ಕಣ್ಣು ತೆರೆದಳು. "ಏನ ಚನ್ನು, ನಿನ್ನ ನೋಡಾಕ ವರ ಬರಾಕತ್ತಾನೇನ?"

ವರ ಬರಲಿಲ್ಲ. ಶೆಲ್ಟರ್ ನಡೆಸುವ ಹರ್ಷದಾ ಮೇಡಂ ಬಂದರು, ಜೊತೆಗೆ ಅಮರಯ್ಯ ಎಂಬ ನೌಕರ. ಮೇಡಂ ಬೀದರ್ ಕಡೆಯವರಂತೆ. ನಮ್ಮ ಮಾತು ಕೇಳಿ ಕನ್ನಡಕ್ಕೆ ಬಂದರು. ಅವ್ವ ತಲೆ ಬಾಚಿ, ಸೆರಗು ಹೊದ್ದು, ಪ್ಲಾಸ್ಟರನ್ನು ಸೀರೆಯೊಳಗೆ ಮುಚ್ಚಿಕೊಂಡು ಕೂತಿದ್ದಳು.

"ಕೂಡ್ರಿ ಬಾಯಾರ, ಚಾ ಮಾಡಸ್ತೀನಿ."

"ಬ್ಯಾಡ್ರಿ. ಭಾಳ ಚಂದ ಇಟ್ಟೀರಿ ಜಾಗಾ. ಮನಿ ಮಠ ಏನರ ಐತೇನ್ರಿ?"

"ಐತ್ರಿ! ಊರಾಗ ಸ್ವಂತ ಮನಿ ಐತಿ. ನಮಗೇನೂ ಕಡಿಮಿ ಇಲ್ರಿ."

ಆ ಮನೆಗೆ ಈಗ ಉಳಿದಿರುವುದು ಒಂದು ಗೋಡೆ. ಅವ್ವ ಗೋಡೆಯ ಮಾತೆತ್ತಲಿಲ್ಲ. ನಾನು ಎತ್ತಬೇಕಿತ್ತು. ನಾನು ನನ್ನ ಕಾಲ್ಬೆರಳು ನೋಡುತ್ತ ನಿಂತಿದ್ದೆ, ನನ್ನ ಪರವಾಗಿ ಅವೇ ಮಾತಾಡುತ್ತವೆ ಅನ್ನುವ ಹಾಗೆ.

ಅಮರಯ್ಯ ಪರದೆ, ಚೆಂಬು, ನವಿಲು ನೋಡಿ ತೆಲುಗಿನಲ್ಲಿ, "ವೀಳ್ಳಕು ಇಲ್ಲು ಉಂದಿ ಮೇಡಂ," ಅಂದ. ಇವರಿಗೆ ಮನೆ ಇದೆ! ಮೇಡಂ ಹುಸೇನಮ್ಮನ ಹಣೆ ಮುಟ್ಟಿ ನೋಡಿದರು. ಇವಳನ್ನು ಈಗಲೇ ಕರೆದೊಯ್ಯೋಣ ಅಂದರು.

"ನಾ ಎದ್ದ ಸೈತ ಕೂಡಲಿಲ್ಲ, ನಂಗ ಮಂಚ," ಅಂದಳು ಹುಸೇನಮ್ಮ. "ನೀ ಬಳದು ಬಳದು ಕಳಕೊಂಡಿ."

ಅವಳ ಗಂಟು ಹಿಡಿದುಕೊಳ್ಳಲು ನಾನೂ ಆಟೊ ಹತ್ತಿದೆ. ದಾರಿಯುದ್ದಕ್ಕೂ ಮೇಡಂಗೆ ಹೇಳಬೇಕಾದ ಮಾತು ಕಟ್ಟಿದೆ. ಭಾರಿ ಮಾತು, ಕೇಳಿದವರು ಅಳಬೇಕು. ಶೆಲ್ಟರಿನ ಬಾಗಿಲಲ್ಲಿ ಇಳಿದಾಗ ಬಾಯಿಂದ ಬಂದದ್ದು ಕೆಮ್ಮು.

ಮೇಡಂ ನನ್ನ ಕಡೆ ನೋಡುವ ಸ್ಥಿತಿಯಲ್ಲೇ ಇರಲಿಲ್ಲ. "ನಾಳೆ ದೊಡ್ಡ ಸಾಹೇಬರು ಬರತಾರ," ಎಂದು ಅಡುಗೆಯವಳಿಗೆ ಹೇಳುತ್ತಿದ್ದರು. "ಮುಂದಿನ ವರ್ಷ ಇದನ್ನ ನಡಸಾಕ ರೊಕ್ಕ ಕೊಡಬೇಕೋ ಬ್ಯಾಡೋ ಅಂತ ನೋಡಾಕ. ಅಂಗಳ ನೋಡು, ಹೆಂಗ ಬಿದ್ದೈತಿ."

ಬಾಯಿಗೆ ಮಾತು ಬಾರದಿದ್ದರೂ ಕೈಗೆ ಕಸಬರಿಗೆ ಬಂತು. ಅಂಗಳ ಗುಡಿಸಿದೆ. ಅಡುಗೆಯವಳು ಹಿಟ್ಟು ಕೊಟ್ಟಳು, ಬಾಗಿಲಿಗೆ ನವಿಲು ಹಾಕಿದೆ. ಇನ್ನೂ ಬಾಲ ತುಂಬುತ್ತಿದ್ದೆ, ತಲೆಯ ಮೇಲೆ ಮೇಡಂ ದನಿ.

"ಈ ನವಿಲ ಮುಂಜಾನೆ ನೋಡೀನಿ. ಅದು ನಿಮ್ಮ ಮನಿ ಅಲ್ಲೇನ?"

ಕಟ್ಟಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋದವೋ. "ಮನಿ ಅಲ್ರಿ," ಅಂದೆ. "ನಾ ಕಸಾ ಹೊಡದಿದ್ದೆ, ಅಷ್ಟ."

"ಊರಾಗ ಮನಿ ಐತಿ ಅಂದ್ರಲ್ಲ?"

"ಒಂದ ಗೋಡಿ ಐತ್ರಿ. ಅವ್ವಗ ಕಾಲು ಮುರದೈತಿ. ಸೀರಿಯೊಳಗ ಮುಚ್ಚಿಕೊಂಡಿದ್ಲು."

"ಅಲ್ಲವ್ವಾ, ಅಲ್ಲೇ ಹೇಳಬಾರದಿತ್ತೇನು?"

"ನಾ ಮಾತಾಡೂದಿಲ್ರಿ."

ಅಮರಯ್ಯ ಜೋರಾಗಿ ನಕ್ಕ. ಆದರೆ ಸಂಜೆ ಆಟೊ ತಂದು, ಅವ್ವನನ್ನು ತನ್ನ ತಾಯಿಯನ್ನು ಎತ್ತುವ ಹಾಗೆ ಎತ್ತಿದವನೂ ಅವನೇ. ಅವ್ವ ಮಾತ್ರ ಹೊರಡುವ ಮುಂಚೆ ಆ ಜಾಗ ಗುಡಿಸು ಅಂತ ಹಟ ಹಿಡಿದಳು. ಗುಡಿಸಿದೆ.

ಮರುದಿನ ಸಾಹೇಬರು ಬಂದರು. ಅಂಗಳ ನೋಡಿದರು, ನವಿಲು ನೋಡಿದರು. ನಾನು ತಿಕ್ಕಿಟ್ಟ ತಟ್ಟೆಗಳಲ್ಲಿ ಅವರ ಮುಖ ಕಾಣುತ್ತಿತ್ತು. ಎಲ್ಲ ಚೆನ್ನಾಗಿಯೇ ಇದೆಯಲ್ಲ, ಇನ್ನೂ ಹಣ ಯಾಕೆ ಬೇಕು ಎಂದು ತೆಲುಗಿನಲ್ಲಿ ಮೇಡಂ ಅವರನ್ನು ಕೇಳಿದರು.

ಮೇಡಂ ನನ್ನ ಕಡೆ ತಿರುಗಿದರು. ಅಮರಯ್ಯನೂ ತಿರುಗಿದ. ಹುಸೇನಮ್ಮ ಮಂಚದಿಂದಲೇ, "ಮತ್ತ ಬಳದಿ ನೋಡು!" ಅಂದಳು. ಅವ್ವ ಪ್ಲಾಸ್ಟರಿನ ಮೇಲೆ ಸೀರೆ ಎಳೆದುಕೊಳ್ಳುತ್ತಿದ್ದಳು. ಈ ಶೆಲ್ಟರ್ ಮುಚ್ಚಿದರೆ ಅವಳು ಮತ್ತೆ ಮೆಟ್ಟಿಲ ಬದಿಗೆ, ಅದೂ ಮಳೆಯಲ್ಲಿ. ಅವಳ ಕೈಯಿಂದ ಸೀರೆ ಬಿಡಿಸಿ ಪ್ಲಾಸ್ಟರ್ ಕಾಣುವ ಹಾಗೆ ಸರಿಸಿದೆ. ಅವ್ವ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಆಮೇಲೆ, "ಸಾಹೇಬ್ರ, ಇತ್ತ ಬರ್ರಿ," ಅಂದೆ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಮೇಡಂ ಅದನ್ನೇ ಇನ್ನೊಮ್ಮೆ ತೆಲುಗಿನಲ್ಲಿ ಹೇಳಬೇಕಾಯಿತು. ಹಿಂದಿನ ಬಚ್ಚಲಿನ ಬಾಗಿಲು ತೆರೆದೆ. ಕೊಳವೆ ಸೋರಿ ನೀರು ನಿಂತಿತ್ತು. ಮುರಿದ ಮಂಚಗಳು ಒಂದರ ಮೇಲೊಂದು ಬಿದ್ದಿದ್ದವು. ಅಷ್ಟೂ ಹೆಂಗಸರಿಗೆ ಅದೊಂದೇ ಬಚ್ಚಲು. ಅಲ್ಲಿ ನಾನು ಗುಡಿಸಿರಲಿಲ್ಲ. ಜಾಣತನದಿಂದಲ್ಲ, ಕತ್ತಲಾಯಿತೆಂದು ಬಿಟ್ಟಿದ್ದೆ. ಸಾಹೇಬರ ಬೂಟು ನೀರಿಗೆ ಇಳಿಯಿತು. ಅವರು ಅಲ್ಲೇ ನಿಂತು ಒಂದೊಂದೇ ಪ್ರಶ್ನೆ ಕೇಳಿದರು, ಮೇಡಂ ಉತ್ತರ ಕೊಟ್ಟರು. ನಾನು ಬಾಗಿಲು ಹಿಡಿದುಕೊಂಡೇ ಇದ್ದೆ, ಬಿಟ್ಟರೆ ಮುಚ್ಚಿಹೋಗುತ್ತದೆ ಎಂದು.

ಹಣ ಬರುತ್ತದೋ ಇಲ್ಲವೋ ಇನ್ನೂ ತಿಳಿದಿಲ್ಲ. ಮಳೆ ಬಂದಿದೆ. ಅವ್ವನ ಪ್ಲಾಸ್ಟರ್ ಒಣಗಿಯೇ ಇದೆ, ಮಾತೂ ಮೊದಲಿನ ಹಾಗೇ ಇದೆ. "ಅಂಗಳದಾಗ ಕಸಾ ಬಿದ್ದೈತಿ, ಕಣ್ಣಿಗೆ ಕಾಣಸೂದಿಲ್ಲೇನ?"

ಕಾಣಿಸುತ್ತದೆ. ಆದರೆ ಈಗ ಕಸಬರಿಗೆ ಹಿಡಿಯುವ ಮೊದಲು, ಇವತ್ತು ಯಾರು ಬರುತ್ತಾರೆ ಎಂದು ಮೇಡಂ ಅವರನ್ನು ಕೇಳುತ್ತೇನೆ. ಬಾಯಿ ಬಿಟ್ಟೇ ಕೇಳುತ್ತೇನೆ.