ಕಲಾವತಿಯವರ ಬಗ್ಗೆ ಎರಡು ಮಾತು

ವಿಜೇತಾಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಾಗಿತ್ತು. ಅದು ಬಂದರೂ ಹಾಸ್ಟೆಲಿನ ಖರ್ಚಿಗೆ ಬೇರೆ ದಾರಿ ಹುಡುಕಬೇಕಿತ್ತು. ಕಿನ್ನರ ಎಂಬ ಊರಿನ ಅವಳ ಅಪ್ಪ ಪುಂಡಲೀಕ ಕಾರವಾರ ಪೇಟೆಯಲ್ಲಿ ರಿಕ್ಷಾ ಓಡಿಸುತ್ತಿದ್ದ. ಹತ್ತಿದವರು ಸ್ವಲ್ಪ ಓದಿದವರ ಹಾಗೆ ಕಂಡರೆ ಸಾಕು, ಸ್ಕಾಲರ್‌ಶಿಪ್ ಎಲ್ಲಿ ಸಿಗುತ್ತದೆಂದು ಕೇಳುತ್ತಿದ್ದ. ಕೆಲವರು ತಮ್ಮ ಮನೆ ಬರುವ ಮೊದಲೇ ಇಳಿದುಕೊಂಡರು. ಹಬ್ಬುವಾಡದವರೆಗೆ ಕೂತಿದ್ದ ದೀಪಾ ಎಂಬ ಉಪನ್ಯಾಸಕಿ ಮಾತ್ರ ಒಂದು ಫೋನ್ ನಂಬರು ಕೊಟ್ಟರು.

ಅದು ಅಂಕೋಲೆಯ ನಿವೃತ್ತ ಹೆಡ್‌ಮಾಸ್ತರ ಬೊಮ್ಮಯ್ಯ ನಾಯಕರದ್ದು. ತೀರಿಕೊಂಡ ಹೆಂಡತಿ ಕಲಾವತಿಯ ಹೆಸರಿನಲ್ಲಿ ಅವರು ಪ್ರತಿವರ್ಷ ಒಬ್ಬ ಹುಡುಗಿಯ ಹಾಸ್ಟೆಲ್ ಖರ್ಚು ನೋಡಿಕೊಳ್ಳುತ್ತಿದ್ದರು.

ಅಪ್ಪ ಮಗಳು ಬಸ್ಸು ಹಿಡಿದು ಹೋದರು. ಬೊಮ್ಮಯ್ಯ ಅಂಕಪಟ್ಟಿ ನೋಡಿದರು, ಪುಂಡಲೀಕನನ್ನು ನೋಡಿದರು, ಮತ್ತೆ ಅಂಕಪಟ್ಟಿ ನೋಡಿದರು.

"ಎಲ್ಲಾ ಸಮ ಅದೆ. ಒಂದೇ ಷರತ್ತು. ಭಾನುವಾರ ಅವಳ ಪುಣ್ಯತಿಥಿ. ಇಲ್ಲೇ ಸಣ್ಣ ಕಾರ್ಯಕ್ರಮ. ನೀನು ಅವಳ ಬಗ್ಗೆ ಎರಡು ಮಾತಾಡ್ಬೇಕು."

"ನಾನು ಅವರನ್ನ ನೋಡ್ಲೇ ಇಲ್ಲ ಸರ್."

"ಹಿಂದಿನ ಹುಡುಗಿಯರೂ ನೋಡಿರ್ಲಿಲ್ಲ. ಮಾತಾಡಿದ್ರು."

ಹಿಂದಿನ ವರ್ಷದ ಭಾಷಣವನ್ನೂ ಮಾದರಿಗೆಂದು ಕೊಟ್ಟರು. ಅದರಲ್ಲಿ ಕಲಾವತಿ ಕರುಣೆಯ ಕಡಲು, ತ್ಯಾಗದ ಮೂರ್ತಿ ಆಗಿದ್ದರು.

"ಇದನ್ನೇ ಓದ್ಬಿಡು," ಎಂದ ಪುಂಡಲೀಕ ವಾಪಸು ಬರುವಾಗ.

"ಅಪ್ಪಾ, ಇದ್ರಲ್ಲಿ ಅವ್ರು ಎಲ್ಲೂ ಇಲ್ಲ."

"ಇಲ್ಲ ಅಂತ್ಲೇ ಅಲ್ವೇನೇ ಕಾರ್ಯಕ್ರಮ ಮಾಡೂದು?"

ಭಾನುವಾರ ಜಗಲಿ ತುಂಬ ನೆಂಟರು, ನೆರೆಯವರು. ಹಾರ ಹಾಕಿದ ಫೋಟೋದಲ್ಲಿ ಕಲಾವತಿಗೆ ಏನೋ ಕೆಲಸ ಬಾಕಿ ಇದ್ದ ಹಾಗಿತ್ತು. ವಿಜೇತಾ ಎದ್ದು ನಿಂತು ಓದತೊಡಗಿದಳು. 'ಕರುಣೆಯ ಕಡಲು' ಎನ್ನುವಲ್ಲಿ, ಎದುರಿಗೇ ಕೂತಿದ್ದ ಪಕ್ಕದ ಮನೆಯ ಗಂಗೂ ನಕ್ಕಳು. ತಕ್ಷಣ ಅದನ್ನು ಕೆಮ್ಮಾಗಿ ಬದಲಾಯಿಸಿದಳು.

ವಿಜೇತಾ ನಿಲ್ಲಿಸಿದಳು. ಮುಂದಿನ ಸಾಲು ಕಣ್ಣಿಗೆ ಕಾಣಲಿಲ್ಲ.

"ಅಲ್ವಾ ಅಮ್ಮಾ?" ಎಂದು ಗಂಗೂಳನ್ನೇ ಕೇಳಿಬಿಟ್ಟಳು.

ಪುಂಡಲೀಕ ಕಣ್ಣು ಮುಚ್ಚಿಕೊಂಡ. ಗಂಗೂ ಬೊಮ್ಮಯ್ಯನವರ ಕಡೆ ನೋಡಿದಳು. ಅವರು ನೆಲ ನೋಡುತ್ತಿದ್ದರು.

"ಒಳ್ಳೇ ಹೆಂಗಸೇ. ಆದ್ರೆ ಕಡಲು ಎಂತದೂ ಅಲ್ಲ," ಎಂದಳು ಗಂಗೂ. "ಅವಳ ಇಶಾಡ ಮಾವು ನಮ್ಮ ಬೇಲಿ ಬದಿಗೆ ಬಿದ್ರೆ ಬಂದು ಹೆಕ್ಕಂಡು ಹೋಗ್ತಿದ್ಲು. ನಾ ಬಾಣಂತಿ ಮಲಗಿದಾಗ್ಲೂ ಬಂದ್ಲು. ಹಣ್ಣು ತಗಂಡ್ಲು, ಆಮೇಲೆ ನನ್ನ ಮಗುಗೆ ಮೀಯ್ಸಿ ಹೋದ್ಲು. ಮಾವಿನ ಕಾಲ ಮುಗಿಯೋವರೆಗೂ ಹಾಂಗೇ. ಮಗು ಮೀಯ್ಸೂದು ಬಿಡ್ಲಿಲ್ಲ, ಹಣ್ಣೂ ಬಿಡ್ಲಿಲ್ಲ."

"ಆಮೇಲೆ?" ಎಂದಳು ವಿಜೇತಾ.

ಆಮೇಲೆ ಕಲಾವತಿಯ ತಮ್ಮ ಕುಪ್ಪ ಎದ್ದ. ಗದ್ದೆಯ ವಿಷಯಕ್ಕೆ ಅಕ್ಕ ತನ್ನೊಡನೆ ಮಾತು ಬಿಟ್ಟಿದ್ದಳು, ಆದರೂ ತನ್ನ ಮಗಳ ಮದುವೆಗೆ ಬಂದು ಇಡೀ ಅಡುಗೆ ಉಸ್ತುವಾರಿ ಮಾಡಿದಳು, ಆಗಲೂ ಮಾತಾಡಲಿಲ್ಲ ಎಂದ. "ಉಪ್ಪು ಸಾಕಾ ಅಂತ್ಲೂ ಬೇರೆಯವರ ಹತ್ರ ಕೇಳ್ಸಿದ್ಲು," ಎಂದು ಹೇಳಿ ಕೂತ. ಹಿಂದಿನಿಂದ ಇನ್ನೊಬ್ಬರು ಶುರುಮಾಡಿದರು. ಉಪ್ಪಿಟ್ಟು ಆರಿಹೋಯಿತು.

ಕೊನೆಗೆ ಎಲ್ಲರೂ ಬೊಮ್ಮಯ್ಯನವರನ್ನು ನೋಡಿದರು.

"ನನ್ನ ಅಕ್ಷರ ಚಂದ ಇಲ್ಲ ಅಂತಿದ್ಲು," ಎಂದರು ಅವರು. "ಜನ್ಮ ಇಡೀ ಬೋರ್ಡ್ ಮೇಲೆ ಬರ್ದವ ನಾನು." ಫೋಟೋದ ಕಡೆ ನೋಡಿದರು. "ಚಂದ ಇರ್ಲಿಲ್ಲ ಅನ್ನೂದು ಹೌದು."

ಕನ್ನಡಕ ತೆಗೆದು ಒರೆಸಿದರು. ಅದು ಸ್ವಚ್ಛವಾದ ಮೇಲೂ ಒರೆಸುತ್ತಲೇ ಇದ್ದರು.

ಜನ ಹೋದ ಮೇಲೆ ಪುಂಡಲೀಕ ಕೈಮುಗಿದ. "ಸರ್, ಹುಡುಗಿಗೆ ತಿಳೀಲಿಲ್ಲ. ಬೇಕಾದ್ರೆ ಈಗ ಪೂರಾ ಓದ್ತದೆ."

"ಬೇಡ ಮಾರಾಯ. ಆ ಭಾಷಣ ಪ್ರತಿವರ್ಷ ಬರೆದುಕೊಡೂದು ನಾನೇ. ವರ್ಷಕ್ಕೊಮ್ಮೆಯಾದ್ರೂ ನಾಲ್ಕು ಜನರ ಎದುರು ಅವಳ ಹೆಸರು ಬರ್ಲಿ ಅಂತ." ಅವರು ವಿಜೇತಾಳ ಕಡೆ ತಿರುಗಿದರು. "ಹೆಸರು ಮಾತ್ರ ಬರ್ತಿತ್ತು. ಅವಳು ಬಂದದ್ದು ಇವತ್ತೇ."

"ಹಾಗಾದ್ರೆ ಹಾಸ್ಟೆಲ್?" ಎಂದ ಪುಂಡಲೀಕ.

"ಅದು ಕೊಡೂದೇ. ಮೊದ್ಲು ಉಪ್ಪಿಟ್ಟು ತಿನ್ನಿ."

ವಿಜೇತಾ ಹುಬ್ಬಳ್ಳಿಗೆ ಹೋಗಿ ಸೇರಿದಳು. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಬೊಮ್ಮಯ್ಯನವರ ಫೋನು ಬಂತು. ಓದು ಹೇಗಿದೆ ಎಂದು ಅವರು ಕೇಳಲಿಲ್ಲ.

"ಒಂದು ನೆನಪಾಯ್ತು. ನಿನಗೆ ಹೇಳ್ಬಹುದೋ ಇಲ್ವೋ ಗೊತ್ತಿಲ್ಲ. ಕಲಾವತಿ ಆಸ್ಪತ್ರೆಯಲ್ಲಿದ್ದಾಗ ಒಬ್ಬ ನರ್ಸಿಗೆ ಬಾಯಿಗೆ ಬಂದಹಾಗೆ ಬಯ್ದಿದ್ಲು."

"ಯಾಕೆ ಬಯ್ದ್ರು ಸರ್?" ಎನ್ನುತ್ತ ವಿಜೇತಾ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಳು.