ಅಡ್ಡ ಬಂದ ಭುಜ

"ಮಾವ, ಭುಜ."

"ಭುಜಕ್ಕೇನಾಯ್ತು?"

"ಅಡ್ಡ ಬಂತು."

ಮಾವ ಅರ್ಧ ಇಂಚು ಸರಿದರು. ಸ್ಟ್ಯಾಂಡಿನ ಮೇಲಿದ್ದ ಫೋನಿನಲ್ಲಿ ಬೀಗದ ಕೊಂಡಿಯ ಒಂದು ಬದಿ ಕಂಡಿತು. ಸೊಸೆ ಪರದೆ ನೋಡುತ್ತ ಕಾದಳು. ಆದರೆ ಬೀಗ ತೆಗೆಯುವ ಕಡ್ಡಿ ಕೈಗೆ ಬಂದ ಕೂಡಲೇ ಭುಜ ತಾನಾಗಿಯೇ ಹಳೆಯ ಜಾಗಕ್ಕೆ ಮರಳಿತು. ಪರದೆಯ ತುಂಬ ಮಾಸಿದ ನೀಲಿ ಅಂಗಿ. ಅಂಗಿಯ ಆಚೆ ಎಲ್ಲೋ ಟಕ್ ಎಂದಿತು. ಮಾವ ಈ ಕಡೆ ತಿರುಗಿ ತೆರೆದ ಬೀಗವನ್ನು ಎತ್ತಿ ಹಿಡಿದರು.

"ನೋಡಿದ್ರಲ್ಲ, ಇಷ್ಟೇ," ಎಂದರು ಫೋನಿಗೆ.

ಯಾರೂ ಏನನ್ನೂ ನೋಡಿರಲಿಲ್ಲ. ಇದು ಚಾನೆಲ್ಲಿನ ಐವತ್ತನಾಲ್ಕನೆಯ ವಿಡಿಯೊ. ಹಿಂದಿನ ಐವತ್ತಮೂರರ ಕೆಳಗೂ ನೋಡಿದವರು ಬರೆದದ್ದು ಹೆಚ್ಚುಕಡಿಮೆ ಒಂದೇ: ಅಜ್ಜಾ, ಸ್ವಲ್ಪ ಸರೀರಿ. ಅಜ್ಜ ಬೀಗ ತೆಗೆದ್ರೋ ಬೆನ್ನು ತೋರ್ಸಿದ್ರೋ? ಎದುರಿನ ಅಂಗಡಿಯ ದರ್ಜಿಯಂತೂ, "ನಿಮ್ಮ ಮಾವನಿಗೆ ಶರ್ಟ್ ಹೊಲಿಯೋಕೆ ನನಗೆ ಟೇಪೇ ಬೇಡ ಕಣಮ್ಮ, ಬೆನ್ನಿನ ಅಳತೆ ಬಾಯಿಪಾಠ ಆಗಿದೆ," ಎಂದು ರಸ್ತೆ ದಾಟಿ ಬಂದು ಹೇಳಿಹೋಗಿದ್ದ.

ಮಾವನದು ಹಠವಲ್ಲ, ಅಭ್ಯಾಸ. ನಲವತ್ತು ವರ್ಷ ಕಂಡವರ ಬಾಗಿಲ ಮುಂದೆ ಕೂತು ಬೀಗ ತೆಗೆದವರು. ಕೀಲಿ ಕಳೆದುಕೊಂಡವರು ಹಿಂದೆಯೇ ನಿಂತು ಇಣುಕುತ್ತಾರೆ. ಬಾಗಿಲು ತೆರೆದದ್ದು ಅವರಿಗೆ ಕಾಣಬೇಕು, ಹೇಗೆ ತೆರೆಯಿತೆಂಬುದು ಕಾಣಬಾರದು. ಕೆಲಸ ಕಲಿಸಿದವರು ಹೇಳಿಕೊಟ್ಟ ಮೊದಲ ಪಾಠ ಅದು. "ಬೀಗ ಎಷ್ಟು ಸಲೀಸಾಗಿ ಬಿಡುತ್ತೆ ಅಂತ ಗೊತ್ತಾದ್ರೆ ಆಮೇಲೆ ಅವರಿಗೆ ನಿದ್ದೆ ಬರಲ್ಲಮ್ಮ," ಎನ್ನುತ್ತಿದ್ದರು.

ಹಾಗಿದ್ದರೂ ಫೋನಿನ ಮುಂದೆ ಕೂರುತ್ತಿದ್ದರು, ಯಾಕೆಂದರೆ ಚಾನೆಲ್ ಶುರುಮಾಡಿದ್ದು ಮಗ. ಹನ್ನೊಂದು ವಿಡಿಯೊ ಮಾಡಿದ್ದ. ಫೋನಿನ ಹಿಂದೆ ನಿಲ್ಲುತ್ತಿದ್ದವನು ಅವನೇ ಆದ್ದರಿಂದ ಯಾವುದರಲ್ಲೂ ಅವನು ಕಾಣುವುದಿಲ್ಲ. ದನಿ ಮಾತ್ರ ಇದೆ. "ಅಪ್ಪಾ, ಭುಜ." ಮೂರು ದಿನದ ಜ್ವರದಲ್ಲಿ ಅವನು ಹೋದ. ಹದಿನಾಲ್ಕು ತಿಂಗಳಾಯಿತು. ಒಂದು ಮಧ್ಯಾಹ್ನ ಸ್ಟ್ಯಾಂಡು ಮೂಲೆಯಲ್ಲಿ ನಿಂತಿತ್ತು, ಸೊಸೆಗೆ ಮಾಡಲು ಬೇರೇನೂ ಇರಲಿಲ್ಲ. ಹನ್ನೆರಡನೆಯದನ್ನು ಅವಳು ಮಾಡಿದಳು.

ಈಗ ಚಾನೆಲ್ಲಿಗೆ ಸೇರಿದವರು ಎಂಟುನೂರ ಎಪ್ಪತ್ತೊಂದು ಜನ. ತಿಂಗಳ ಕೊನೆಯ ಭಾನುವಾರದೊಳಗೆ ಸಾವಿರವಾಗಬೇಕಿತ್ತು. ಅದು ಅವಳು ಅಣ್ಣನಿಗೆ ಕೊಟ್ಟ ಮಾತು.

"ಸಾವಿರ ಆದ್ರೆ ಜಾಹೀರಾತು ಬರುತ್ತೆ, ನನ್ನದು ನಾನು ನೋಡ್ಕೋತೀನಿ," ಎಂದಿದ್ದಳು ಫೋನಿನಲ್ಲಿ.

"ಆಗದಿದ್ರೆ?"

"ಆಗದಿದ್ರೆ ನೀನು ಹೇಳಿದ ಹಾಗೆ."

"ಆ ಮನೇಲಿ ನಿನಗಿನ್ನೇನು ಕೆಲಸ ಅಂತ ನಿನ್ನ ಅತ್ತಿಗೆ ದಿನಾ ಕೇಳ್ತಾಳೆ. ನಾನೇನು ಹೇಳ್ಲಿ? ನಿನ್ನ ಕೋಣೆಗೆ ಸುಣ್ಣ ಹೊಡೆಸಿದೀನಿ ಕಣೇ."

ಅಣ್ಣ ಕೆಟ್ಟವನಲ್ಲ. ಅದೇ ಕಷ್ಟ. ಮಾವನಿಗೂ ವಿಷಯ ಗೊತ್ತಿತ್ತು. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಆ ದಿನದಿಂದ ವಿಡಿಯೊಗೆ ಕೂರುವ ಮುಂಚೆ ತಲೆ ಬಾಚಿಕೊಳ್ಳತೊಡಗಿದರು.

ಗುರುವಾರ ಅವಳು ಗಂಡನ ಫೋನನ್ನು ಚಾರ್ಜಿಗೆ ಹಾಕಿದಳು. ಮನೆಯ ಮುಂಭಾಗದ ಅಂಗಡಿಯಲ್ಲಿ ಬೆಂಚಿನ ಮೇಲೆ ಗೋಡೆಗೆ ಹಲಗೆಯಿದೆ, ಅದರ ಮೇಲೆ ಇನ್ನೂ ಹಲ್ಲು ಕೊರೆಯದ ಕೀಲಿಗಳ ಡಬ್ಬಗಳು. ಎರಡು ಡಬ್ಬಗಳ ನಡುವೆ ಫೋನನ್ನು ಪರದೆ ಮೇಲಾಗಿ, ಹಿಂಬದಿಯ ಕ್ಯಾಮೆರಾ ಕಣ್ಣಷ್ಟೇ ಹೊರಗೆ ಚಾಚಿ ಬೆಂಚನ್ನು ನೋಡುವಂತೆ ಇಟ್ಟಳು. ತನ್ನ ಫೋನು ಎಂದಿನಂತೆ ಹಿಂದೆ ಸ್ಟ್ಯಾಂಡಿನ ಮೇಲೆ. "ಭುಜ" ಎಂದು ಅವಳು ಎರಡು ಸಲ ಹೇಳಿದಳು. ಹೇಳದಿದ್ದರೆ ಅವರಿಗೆ ಅನುಮಾನ ಬರುತ್ತಿತ್ತು.

ಮಾವ ಊಟಕ್ಕೆ ಒಳಗೆ ಹೋದಾಗ ಮೇಲಿನದನ್ನು ಇಳಿಸಿ ನೋಡಿದಳು. ಹಿತ್ತಾಳೆ ಬೀಗ, ಎರಡು ಕಡ್ಡಿ, ಎರಡು ಕೈ. ಎಲ್ಲವೂ ಸ್ವಚ್ಛವಾಗಿತ್ತು. ಕಡ್ಡಿ ಹಾಕುವ ಮುಂಚೆ ಎಡಗೈ ಹೆಬ್ಬೆರಳು ಬೀಗದ ಮೈಯನ್ನು ಎರಡು ಸಲ ಸವರಿತು. ಅವಳು ವಿಡಿಯೊ ನಿಲ್ಲಿಸಿದಳು. ಹಿಂದೆ ಸರಿಸಿ ಮತ್ತೆ ನೋಡಿದಳು. ಡಬ್ಬಿಯ ಮುಚ್ಚಳವಿರಲಿ, ನಲ್ಲಿಯಿರಲಿ, ತಿರುಗಿಸುವ ಮುಂಚೆ ಗಂಡ ಹೀಗೇ ಸವರುತ್ತಿದ್ದ. ಅದನ್ನು ತಾನು ಮರೆತಿದ್ದೇನೆ ಎಂಬುದೂ ಅವಳಿಗೆ ಆವರೆಗೆ ಗೊತ್ತಿರಲಿಲ್ಲ. ಆರು ಸಲ ನೋಡಿದಳು. ಏಳನೆಯ ಸಲ ನೋಡದೆ ಚಾನೆಲ್ಲಿಗೆ ಏರಿಸಿದಳು.

ಶುಕ್ರವಾರ ಸಂಜೆಗೆ ಒಂಬೈನೂರ ಹದಿನಾಲ್ಕು. ಶನಿವಾರ ಬೆಳಿಗ್ಗೆ ಒಂಬೈನೂರ ಐವತ್ತು ದಾಟಿತು. ಒಲೆಯ ಮೇಲೆ ಹಾಲಿಟ್ಟು ನೋಡಿದರೆ ಇಬ್ಬರು, ಇಳಿಸಿ ನೋಡಿದರೆ ಇನ್ನೊಬ್ಬ.

ಹತ್ತು ಗಂಟೆಗೆ ದರ್ಜಿ ಕೊರಳಲ್ಲಿ ಟೇಪಿನೊಂದಿಗೆ ಬಂದ.

"ಏನ್ ಯಜಮಾನ್ರೇ! ಇಷ್ಟು ದಿನ ಬೆನ್ನು ತೋರ್ಸಿ ನಮ್ಮನ್ನ ಯಾಮಾರಿಸಿದ್ರಲ್ಲ. ಏನು ಕೈ ಅಂತೀರಾ, ಬೆಣ್ಣೇಲಿ ಚಾಕು ಆಡಿಸಿದ ಹಾಗೆ!"

ಮಾವ ಕೀಲಿ ಉಜ್ಜುತ್ತಿದ್ದ ಅರ ಕೆಳಗಿಟ್ಟರು. "ಯಾವ ಕೈ?"

ದರ್ಜಿ ತನ್ನ ಫೋನನ್ನು ಬೆಂಚಿನ ಮೇಲಿಟ್ಟು ಆಡಿಸಿದ. ಮಾವ ಕನ್ನಡಕ ಏರಿಸಿ ನೋಡಿದರು. ಸೊಸೆ ಗೋಡೆಯ ಮೊಳೆಗಳಲ್ಲಿ ನೇತುಬಿದ್ದ ಕೀಲಿಗಳನ್ನು ನೋಡುತ್ತ ನಿಂತಳು. ದರ್ಜಿಗೆ ಏನೂ ಹೊಳೆಯಲಿಲ್ಲ. ಕೆಳಗೆ ಜನ ಬರೆದದ್ದನ್ನು ಹುರುಪಿನಿಂದ ಒಂದೊಂದಾಗಿ ಓದಿದ. ಸೂಪರ್ ಅಜ್ಜ. ಕೊನೆಗೂ ಕೈ ಕಂಡಿತು. ನಮ್ಮ ಮನೆ ಬಾಗಿಲಿಗೂ ಇದೇ ಥರದ ಬೀಗ, ಒಬ್ಬಳೇ ಇರ್ತೀನಿ, ನಿನ್ನೆ ರಾತ್ರಿ ನಾಲ್ಕು ಸಲ ಎದ್ದು ನೋಡಿ ಬಂದೆ.

ಅಲ್ಲಿಗೆ ದರ್ಜಿಯ ದನಿ ಇಳಿಯಿತು. "ಅಂಗಡಿ ತೆರೆದಿಟ್ಟು ಬಂದಿದೀನಿ," ಎಂದು ಫೋನು ಎತ್ತಿಕೊಂಡು ಹೊರಟ.

"ಎಲ್ಲಿಟ್ಟಿದ್ದೆ?" ಎಂದರು ಮಾವ.

ಅವಳು ಹಲಗೆ ತೋರಿಸಿದಳು. ಅವರು ತಲೆಯೆತ್ತಿ ಡಬ್ಬಗಳನ್ನು ನೋಡಿದರು.

"ಬೈದ್ಬಿಡಿ ಮಾವ."

"ಬೈದ್ರೆ ಆಯಮ್ಮನಿಗೆ ನಿದ್ದೆ ಬರುತ್ತಾ?"

"ತೆಗೆದುಹಾಕ್ತೀನಿ."

"ಎಷ್ಟಾಗಿದೆ?"

"ಒಂಬೈನೂರ ಅರವತ್ತೆಂಟು."

ನಾಳೆಯೇ ತಿಂಗಳ ಕೊನೆಯ ಭಾನುವಾರ. ಮಾವ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಒರೆಸಿದರು.

"ಅಳಿಸೋದಕ್ಕೆ ಮುಂಚೆ ಇನ್ನೊಂದ್ಸಲ ಹಾಕು."

ಅವಳು ತನ್ನ ಫೋನಿನಲ್ಲಿ ಹಾಕಿ ಅವರ ಮುಂದೆ ಹಿಡಿದಳು. ಹೆಬ್ಬೆರಳು ಸವರಿತು. ಮಾವ ಕೈ ಅಡ್ಡ ಹಿಡಿದರು. ಅವಳು ನಿಲ್ಲಿಸಿದಳು.

"ಇದು... ಹೀಗೆ ನಾನು ಮಾಡ್ತೀನಾ?"

"ಹೂಂ."

"ಯಾವಾಗ್ಲೂ?"

"ನಂಗೂ ಮೊನ್ನೆಯೇ ಗೊತ್ತಾಗಿದ್ದು."

ಮಾವ ತಮ್ಮ ಎಡಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. "ಅವನಿಗೆ ಬೈತಿದ್ದೆ. ಯಾಕೋ ಸವರ್ತೀಯ, ಬೆಕ್ಕೇನೋ ಅದು, ಅಂತ. ಕಲಿಯೋಕೆ ಬಂದ ಮೊದಲ ವರ್ಷವೆಲ್ಲಾ ಬೈದಿದೀನಿ. ಎಲ್ಲಿಂದ ಕಲಿತ್ಯೋ ಈ ಚಾಳಿ ಅಂತಿದ್ದೆ." ಕೈ ಇಳಿಸಿ, "ನಗ್ತಿದ್ದ," ಎಂದರು. "ಹೇಳ್ಲೇ ಇಲ್ಲ ನೋಡು, ಕಳ್ಳ."

ಸೊಸೆ ಮೊದಲು ಆ ಹೆಂಗಸಿಗೆ ಉತ್ತರ ಬರೆದಳು. ಮಾವ ಹೇಳುತ್ತಾ ಹೋದರು, ಅವಳು ಬೆರಳಾಡಿಸಿದಳು. ಬಾಗಿಲಿನ ಒಳಗಡೆ, ಎದೆಯ ಎತ್ತರಕ್ಕೆ ಒಂದು ಅಗುಳಿ ಹಾಕಿಸಿ. ಅದು ಒಳಗಿನಿಂದ ಬಿದ್ದರೆ ಹೊರಗಿನ ಯಾವ ಕಡ್ಡಿಗೂ ಬಗ್ಗುವುದಿಲ್ಲ. ಆಕೆಯಿಂದ 'ಸರಿ' ಎಂದು ಬರುವವರೆಗೆ ಇಬ್ಬರೂ ಕಾದರು. ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಸೊಸೆ ವಿಡಿಯೊ ಅಳಿಸಿದಳು. ಗಂಡನ ಫೋನಿನಲ್ಲಿದ್ದುದನ್ನು ಮಾತ್ರ ಅಳಿಸಲಿಲ್ಲ.

ಭಾನುವಾರ ಒಂಬತ್ತಕ್ಕೆಲ್ಲ ಅಣ್ಣ ಬಾಡಿಗೆ ಕಾರಿನಲ್ಲಿ ಬಂದ. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತ.

"ಎಷ್ಟಾಯ್ತು?"

"ಒಂಬೈನೂರ ಎಪ್ಪತ್ತು."

ನಿನ್ನೆಯಿಂದ ಬಂದವರು ಇಬ್ಬರೇ. ಅವನು ಬೇರೆಡೆ ನೋಡಿದ. "ಮೂವತ್ತು ಜನಕ್ಕೆ ನಾನೇ ಹೇಳಿ ಸೇರಿಸಬಹುದಿತ್ತು ಕಣೇ. ಬಾಯಿಬಿಟ್ಟು ಕೇಳಿದ್ಯಾ ಒಂದು ದಿನ?"

"ಇಲ್ಲ."

"ಸರಿ. ಬ್ಯಾಗ್ ಕೊಡು."

ಬ್ಯಾಗು ಒಳಗೆ ಮಂಚದ ಮೇಲಿತ್ತು. ಅವಳು ತಿರುಗಿದಳು. ಮಾವ ಬೆಂಚಿನ ಮುಂದೆ ಎಂದಿನ ಹಾಗೇ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು.

"ಬಾಮ್ಮ ಇಲ್ಲಿ," ಎಂದರು.

"ಏನು ಮಾವ?"

"ಆ ಕಡೆಯಲ್ಲ, ಮುಂದೆ ಬಾ."

ಗೋಡೆಗೂ ಬೆಂಚಿಗೂ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಅಲ್ಲಿದ್ದ ಖಾಲಿ ಡಬ್ಬಗಳನ್ನು ಅವರು ಬೆಳಿಗ್ಗೆಯೇ ಸರಿಸಿದ್ದಿರಬೇಕು. ಅವಳು ಒಳಸರಿದು ಕೂತಳು. ಮಾವ ಒಂದು ಕಡ್ಡಿ ತೂರಿಸಿದ ಹಳೆಯ ಬೀಗವನ್ನು ಅವಳ ಎಡಗೈಗಿಟ್ಟು, ಬಲಗೈಗೆ ಇನ್ನೊಂದು ಕಡ್ಡಿ ಕೊಟ್ಟು, ಮೇಲೆ ತಮ್ಮ ಕೈಯಿಟ್ಟರು.

"ಒತ್ತಬೇಡ. ಕೇಳ್ಕೋ."

"ಏನೂ ಕೇಳಿಸ್ತಿಲ್ಲ."

"ಕಿವೀಲಲ್ಲ, ಬೆರಳಲ್ಲಿ."

ಅಣ್ಣ ಹೊಸ್ತಿಲಿನಿಂದ, "ಏನದು?" ಎಂದ. ಕಡ್ಡಿಯ ತುದಿ ಒಳಗೆ ಯಾವುದಕ್ಕೋ ತಾಗಿತು. ಅದು ಅಕ್ಕಿಕಾಳಿನಷ್ಟು ಮೇಲೆದ್ದು ಅಲ್ಲೇ ನಿಂತಿತು. ಅವಳು ತಲೆಯೆತ್ತಿ ಮಾವನ ಮುಖ ನೋಡಿದಳು.

"ಒಂದಾಯ್ತು," ಎಂದರು ಮಾವ. "ಇಂಥ ಪಿನ್ನು ಇನ್ನೂ ನಾಲ್ಕಿದೆ. ಕೈ ನಡುಗಿದ್ರೆ ಮೊದಲಿಂದ."

ಹೊರಗೆ ಕಾರಿನವನು ಹಾರ್ನ್ ಒತ್ತಿದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಒತ್ತಿದ. ಅಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೊರಗಿ ಕೂತ.