ಗೇಮ್ ಪೆಟ್ಟಿಗೆಯ ಕೊಸರು

ರೇಟ್ ಕೇಳುವವರಿಗೆ ಕಲಬುರಗಿಯಲ್ಲಿ ಎಂದೂ ಬರಗಾಲವಿಲ್ಲ, ಬರ ಇರುವುದು ಕೊಳ್ಳುವವರಿಗೆ. ಸೂಪರ್ ಮಾರ್ಕೆಟ್‌ನ ಜಹೀರುದ್ದೀನ್ ಸೇಠರ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೊಸ ಗೇಮ್ ಕನ್ಸೋಲ್ ಬಂದಾಗಿನಿಂದ ಅದರ ಕೌಂಟರಿನಲ್ಲಿ ನಿಲ್ಲುವ ಆಸ್ಫಿಯಾ ಕಂಡದ್ದು ಇದನ್ನೇ. ಹುಡುಗರು ಗುಂಪು ಕಟ್ಟಿ ಬರುತ್ತಾರೆ, ಪುಕ್ಕಟೆ ಆಡುತ್ತಾರೆ, ಡಬ್ಬಿಯ ಪಕ್ಕ ನಿಂತು ಫೋಟೋ ಹೊಡೆದುಕೊಳ್ಳುತ್ತಾರೆ, ಆಮೇಲೆ "ಅಪ್ಪಗ ಕೇಳಿ ಬರ್ತೀವಕ್ಕಾ" ಎಂದು ಹೋಗುತ್ತಾರೆ. ಅವರ ಅಪ್ಪಂದಿರು ಯಾವ ದೇಶದಲ್ಲಿದ್ದಾರೋ ಏನೋ, ಒಬ್ಬನೂ ತಿರುಗಿ ಬಂದದ್ದಿಲ್ಲ.

ಶನಿವಾರ ಬೆಳಿಗ್ಗೆ ಸೇಠರು ಕೌಂಟರಿಗೇ ಬಂದು ನಿಂತರು.

"ನೋಡು ಬೇಟಿ, ಇವತ್ತು ಸಂಜೀತನಕ ಒಂದರ ಹೋಗ್ಬೇಕು. ಇಲ್ಲಂದ್ರ ಈ ಮಾಲೆಲ್ಲಾ ಹುಮನಾಬಾದಿಗೆ, ನಮ್ಮ ಭಾವನ ಅಂಗಡಿಗೆ. ನೀನು ಸೋಮವಾರದಿಂದ ಮತ್ತ ಮಿಕ್ಸರ್ ಕೌಂಟರಿಗೆ."

ರೋಜಾ ಬಡಾವಣೆಯ ಮನೆಯಲ್ಲಿ ಅಣ್ಣ ಅಕ್ರಮ್‌ನ ಜೊತೆ ಗುದ್ದಾಡುತ್ತ ಗೇಮ್ ಆಡಿ ಬೆಳೆದವಳು ಆಸ್ಫಿಯಾ. ಮಿಕ್ಸರ್ ಜಾರಿನ ಮುಚ್ಚಳ ತಿರುಗಿಸಿ ತಿರುಗಿಸಿ ಬೇಸತ್ತು, ಸೇಠರನ್ನು ಕಾಡಿ ಬೇಡಿ ಈ ಕೌಂಟರ್ ಪಡೆದಿದ್ದಳು. ತನಗೆ ಪ್ರಾಣವಾದದ್ದನ್ನೇ ಮಾರುವ ಕೆಲಸ ಎಷ್ಟು ಜನರಿಗೆ ಸಿಗುತ್ತದೆ? ಅದು ಕೈತಪ್ಪುವುದೆಂದರೆ ಅವಳಿಗೆ ಅಳುವೇ ಬರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕಮಲಾಪುರದ ಮಲ್ಕಮ್ಮ ಬಂದಳು. ಹುಮನಾಬಾದ್ ರಸ್ತೆಯ ಮಗ್ಗುಲಿಗೆ ಕೆಂಪು ಬಾಳೆಹಣ್ಣು ಮಾರುವ ಹೆಂಗಸು. ಹಿಂದೆ ಮೀಸೆ ಬಂದ ಮಗ ರೇವಣ, ಶಾಲೆಗೆ ಸೇರಿಸಲು ಕರೆತಂದ ಕೂಸಿನ ಹಾಗೆ ಸೆರಗಿನ ಅಳತೆಯಲ್ಲೇ ನಿಂತಿದ್ದ. ಗುಟ್ಕಾ ಬಿಟ್ಟರೆ ಕೇಳಿದ್ದು ಕೊಡಿಸುತ್ತೇನೆಂದು ತಾಯಿ ಮಾತು ಕೊಟ್ಟಿದ್ದಳಂತೆ. ಮಗ ಬಿಟ್ಟೇಬಿಟ್ಟ. ಉಂಗುರವನ್ನೋ ಗಾಡಿಯನ್ನೋ ಕೇಳುತ್ತಾನೆಂದುಕೊಂಡರೆ ಕೇಳಿದ್ದು ಇದನ್ನು.

"ಏನ್ ಮಾಡ್ತದವ್ವಾ ಇದು? ಅದರ ರೇಟ್ ಏನು?" ಎಂದಳು ಮಲ್ಕಮ್ಮ.

"ನಲವತ್ತೊಂಬತ್ತು ಸಾವಿರದ ಒಂಬೈನೂರಾ ತೊಂಬತ್ತು ರೀ, ಆಯಿ."

"ಐವತ್ತು ಸಾವಿರ ಅಂತೇ ಅನ್ನು. ಆ ಹತ್ತು ರೂಪಾಯಿ ಬಿಟ್ಟು ಯಾರಿಗಿ ಉಪಕಾರ ಮಾಡ್ಯಾರ?"

ಆಸ್ಫಿಯಾ ನಕ್ಕು, ತನಗೆ ಬಾಯಿಪಾಠವಾದ ಗುಣಗಳನ್ನೆಲ್ಲ ಹೇಳಿದಳು. ಚಿತ್ರ ಕನ್ನಡಿಯಷ್ಟು ಸ್ವಚ್ಛ, ಆಟ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಶುರು, ಬೇರೆ ಊರಿನವರ ಜೊತೆಗೂ ಆಡಬಹುದು. ಬೇಕಾದರೆ ಡಿಸ್ಕ್ ಹಾಕುವ ಬಾಯಿ ಇಲ್ಲದ ಮಾಡೆಲ್ಲೂ ಇದೆ, ಅದು ಹತ್ತು ಸಾವಿರ ಕಡಿಮೆ. ಇಷ್ಟು ಹೇಳಿ ಕಂಟ್ರೋಲರನ್ನು ಮಲ್ಕಮ್ಮನ ಕೈಗೆ ಕೊಟ್ಟಳು. ಪರದೆಯ ಮೇಲಿನ ಕಾರು ಜಲ್ಲಿಗೆ ಇಳಿದದ್ದೇ ತಡ, ಅದು ಅಂಗೈಯಲ್ಲಿ ನಡುಗಿತು.

"ಅಯ್ಯಯ್ಯ! ಥೇಟ್ ನಮ್ಮ ಹೊಲದ ದಾರಿ ಇದ್ದಂಗ ಅದ!" ಎಂದು ಮಲ್ಕಮ್ಮ ಹಲ್ಲು ಬಿಟ್ಟಳು. "ಬಾಯಿ ಇಲ್ಲದ್ದು ಬ್ಯಾಡ. ಇದೇ ಕೊಡು. ಡಬ್ಬಿಯಾಗ ಇಂಥವು ಎರಡು ಇರ್ತಾವಲ್ಲ?"

"ಒಂದೇ ರೀ. ಇನ್ನೊಂದು ಬೇಕಂದ್ರ ಆರು ಸಾವಿರ. ನಿಲ್ಲಿಸೋ ಸ್ಟ್ಯಾಂಡೂ ಬ್ಯಾರೇನೇ."

"ಒಂದೇ ಎತ್ತು ಕಟ್ಟಿ ಬಂಡಿ ಮಾರ್ತೀರೇನು? ಹಂಗಾದ್ರ ನಾಳಿಂದ ನಾನೂ ಬಾಳೆಹಣ್ಣು ಬ್ಯಾರೆ, ಸಿಪ್ಪಿ ಬ್ಯಾರೆ ಮಾರ್ತೀನಿ!"

ರೇವಣ ನಾಚಿಕೊಂಡು ಫ್ಯಾನಿನ ಕಡೆ ನೋಡಿದ. ಆದರೂ ಮಲ್ಕಮ್ಮ ಮಾತಿಗೆ ತಪ್ಪುವವಳಲ್ಲ. ಹಣದ ಚೀಲ ತೆಗೆದು ಕೌಂಟರಿನ ಮೇಲಿಟ್ಟಳು.

"ರೊಕ್ಕ ಒಪ್ಪೀನಿ. ಇನ್ನ ಕೊಸರು ಏನ್ ಕೊಡ್ತಿ ಹೇಳು."

ಡಜನ್ ಹಣ್ಣಿನ ಮೇಲೆ ಒಂದು ಹಣ್ಣು, ಸೇರು ಜೋಳದ ಮೇಲೆ ಒಂದು ಬೊಗಸೆ. ಕೊಸರಿಲ್ಲದ ವ್ಯಾಪಾರ ಮಲ್ಕಮ್ಮನ ಪಾಲಿಗೆ ವ್ಯಾಪಾರವೇ ಅಲ್ಲ. ಆದರೆ ಗಲ್ಲಾದಲ್ಲಿ ಕುಳಿತ ಸೇಠರ ಕಿವಿಗೆ ಆ ಶಬ್ದ ಬಿದ್ದದ್ದೇ ಸಾಕಾಯಿತು.

"ಕೊಸರು ಗಿಸರು ಇಲ್ಲಮ್ಮಾ! ಕಂಪನಿ ಮಾಲು, ಫಿಕ್ಸ್ ರೇಟ್!"

"ರೇಟ್ ಇಳಸಂತ ಯಾರ್ ಕೇಳ್ಯಾರ್ರಿ? ಕೊಸರು ಅಂದ್ರ ಮಾರೋರ ಮನಸು. ಮನಸಿಲ್ಲದ ಅಂಗಡಿಯಿಂದ ಮಾಲು ಒಯ್ದು ನಾ ಮನಿ ತುಂಬಿಸ್ಕೊಳ್ಳಂಗಿಲ್ಲ. ನಡಿ ರೇವಣ."

ಚೀಲ ಸೊಂಟ ಸೇರಿತು. ರೇವಣನ ಮುಖ ನೋಡಲಾಗದಂತಾಯಿತು. ಆಸ್ಫಿಯಾಳಿಗೆ ಕಣ್ಣೆದುರು ಮಿಕ್ಸರ್ ಜಾರುಗಳು ಸಾಲುಗಟ್ಟಿ ನಿಂತವು. ಅಂಗಡಿಯದು ಏನನ್ನೂ ಕೊಡುವ ಹಾಗಿಲ್ಲ. ಹಾಗಾದರೆ ತನ್ನದು ಅಂತ ಏನಿದೆ?

"ಆಯಿ, ನಿಂದ್ರಿ! ನಾಳೆ ಐತಾರ ನನಗ ಸೂಟಿ. ನಾನೇ ನಿಮ್ಮೂರಿಗಿ ಬಂದು, ಡಬ್ಬಿ ಬಿಚ್ಚಿ, ಟಿವಿಗೆ ಹಚ್ಚಿ, ನಿಮ್ಗೆಲ್ಲಾ ಆಡ್ಲಾಕ ಕಲಿಸ್ತೀನಿ. ಅದೇ ಕೊಸರು. ನಡೀತದೇನು?"

ಮಲ್ಕಮ್ಮ ಅವಳನ್ನು ಕಾಲಿಂದ ತಲೆಯವರೆಗೆ ನೋಡಿದಳು. "ನಡೀತದ. ಆದ್ರ ಆಟ ಶುರು ಆಗ್ಲಿಲ್ಲಂದ್ರ ಸೋಮವಾರ ಡಬ್ಬಿ ವಾಪಸ್."

ರೊಕ್ಕ ಎಣಿಸಿ ಕೊಟ್ಟು, ಡಬ್ಬಿ ಹೊತ್ತು ಅವರು ಹೋದ ಮೇಲೆ ಸೇಠರು ಗುರುಗುಟ್ಟಿದರು. "ಕೊಸರು ಕೇಳಿದ ಗಿರಾಕಿ ಮಾಲು ತಿರುಗಿಸದೇ ಇರಂಗಿಲ್ಲ. ಸೋಮವಾರ ಡಬ್ಬಿ ವಾಪಸ್ ಬಂತಂದ್ರ ನೀ ಸೀದಾ ಮಿಕ್ಸರಿಗೆ, ನೆನಪಿಡು."

ಮರುದಿನ ಆಸ್ಫಿಯಾ ಬಸ್ಸಿಳಿದಾಗ ಮಲ್ಕಮ್ಮನ ಹಣ್ಣಿನ ಗೂಡಂಗಡಿಯ ಹಿಂದಿನ ಮನೆಯಲ್ಲಿ ಓಣಿಗೆ ಓಣಿಯೇ ಸೇರಿತ್ತು. ರೇವಣನ ಹೆಂಡತಿ ಮಲ್ಲಿಕಾ ಟಿವಿಗೆ ಕುಂಕುಮ ಹಚ್ಚಿ ಇಟ್ಟಿದ್ದಳು. ಆಸ್ಫಿಯಾ ತಂತಿ ಜೋಡಿಸಿ ಗುಂಡಿ ಒತ್ತಿದಳು. ಪರದೆಯ ಮೇಲೆ ಬಂದದ್ದು ಆಟವಲ್ಲ, ಅಪ್‌ಡೇಟ್ ಮಾಡಿಕೊಳ್ಳಿ ಎಂಬ ಅಪ್ಪಣೆ. ಮನೆಯಲ್ಲಿ ಇದ್ದದ್ದು ರೇವಣನ ಮೊಬೈಲಿನ ಇಂಟರ್ನೆಟ್ ಒಂದೇ. ಅಪ್‌ಡೇಟಿನ ಹಸಿರು ಗೆರೆ ಬಾಣಂತಿಯ ನಡಿಗೆಯಲ್ಲಿ ಮುಂದೆ ಸರಿಯತೊಡಗಿತು. ಜನ ಕುಂತರು, ಎದ್ದರು, ಊಟ ಮುಗಿಸಿ ಬಂದರು. ಗೆರೆ ಅರ್ಧವೂ ದಾಟಿರಲಿಲ್ಲ. ಆಸ್ಫಿಯಾ ಮೊಬೈಲನ್ನು ಕಿಟಕಿಗೊಮ್ಮೆ ಬಾಗಿಲಿಗೊಮ್ಮೆ ಒಯ್ದು ಹಿಡಿದಳು.

"ಡಬ್ಬಿ ಹುಸಿ ಹೋಯ್ತೇನವ್ವಾ?" ಎಂದ ಯಾರೋ ಒಬ್ಬ ಮುದುಕ.

"ಸುಮ್ಕುಂದ್ರು ಕಾಕಾ," ಎಂದಳು ಮಲ್ಕಮ್ಮ. "ಗೊನಿ ಕಡಿದ ಕೂಡ್ಲೆ ತಿಂತಾರೇನು? ಹಣ್ಣಾಗ್ಲಿ."

ಆ ಮಾತಿನಿಂದ ಆಸ್ಫಿಯಾಳಿಗೆ ಹೋದ ಜೀವ ಬಂದಂತಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಹಣ್ಣೂ ಆಯಿತು. ಪರದೆಯ ಮೇಲೆ ಕಾರು ನಿಂತಾಗ ಮನೆಯ ಹಂಚು ಹಾರುವಂತೆ ಕೇಕೆ ಬಿತ್ತು. ಕಂಟ್ರೋಲರ್ ಒಂದೇ ಆದ್ದರಿಂದ ಪಾಳಿ ಹಚ್ಚಿದರು. ಒಬ್ಬರ ಸುತ್ತು ಮುಗಿದ ಮೇಲೆ ಇನ್ನೊಬ್ಬರದು, ಯಾರು ಬೇಗ ಮುಟ್ಟುತ್ತಾರೋ ಅವರು ಗೆದ್ದಂತೆ. ರೇವಣ ಗಿಡಕ್ಕೆ ಗುದ್ದಿದ. ಮಲ್ಲಿಕಾ ಹಿಂದುಮುಂದಾಗಿ ಓಡಿಸಿದಳು. ಗೆದ್ದವಳು ಮಲ್ಕಮ್ಮ. ಗಿರಾಕಿ ಕೈಬೀಸಿದರೆ ನಾಲ್ಕು ಲಾರಿ ದಾಟಿ ಹಣ್ಣು ಮುಟ್ಟಿಸುವವಳ ಕಣ್ಣಳತೆ ಎಂದರೆ ಸುಮ್ಮನೆಯೇ?

ಇದೇ ಹೊತ್ತಿಗೆ, ಭಾವ ಕೇಳಿದ್ದ ಬೇರೆ ಒಂದಿಷ್ಟು ಮಾಲು ತೆಗೆದುಕೊಂಡು ಹುಮನಾಬಾದಿಗೆ ಹೊರಟಿದ್ದ ಜಹೀರುದ್ದೀನ್ ಸೇಠರು ಕೆಂಪು ಬಾಳೆಹಣ್ಣು ಕೊಳ್ಳಲೆಂದು ಗೂಡಂಗಡಿಯ ಮುಂದೆ ಕಾರು ನಿಲ್ಲಿಸಿದರು. ಕೂಗಿದರೆ ಯಾರೂ ಇಲ್ಲ. ಗದ್ದಲ ಕೇಳಿ ಮನೆಯೊಳಗೆ ಇಣುಕಿದರು.

"ಬರ್ರಿ ಸೇಠ!" ಎಂದಳು ಮಲ್ಕಮ್ಮ. "ಒಂದಾಟ ಆಡ್ರಿ. ಇಷ್ಟು ದಿನ ಅಂಗಡ್ಯಾಗ ಇಟ್ಟೀರಿ, ಆಡೀರೇನು ಎಂದಾರ?"

ಆಡಿರಲಿಲ್ಲ. ಬೇಡ ಬೇಡ ಎನ್ನುತ್ತಲೇ ಕುಳಿತರು, ಆಡಿದರು, ಸೋತರು. ಮತ್ತೆ ಸೋತರು. ಕಂಟ್ರೋಲರ್ ಜಾರುತ್ತಿದೆ ಎಂದರು, ಟಿವಿ ಚಿಕ್ಕದೆಂದರು.

"ಕುಣೀಲಾರದಾಕಿ ಅಂಗಳ ಡೊಂಕು ಅಂದಳಂತ," ಎಂದಳು ಮಲ್ಕಮ್ಮ. ಓಣಿಯೆಲ್ಲ ನಕ್ಕಿತು.

ಸೇಠರ ಮುಖ ಹಾಗಲಕಾಯಿಯಾಯಿತು. "ಪಾಳಿ ಹಚ್ಚಿ ಆಡಿದ್ರ ಇದ್ಯಾವ ಪಂದ್ಯ? ಜೋಡಿ ಓಡಿಸಿದ್ರ ತಿಳೀತದ!" ಎಂದವರೇ ಎದ್ದು ಕಾರಿಗೆ ಹೋದರು. ಭಾವನಿಗೆಂದು ತಂದಿದ್ದ ಹೊಸ ಕಂಟ್ರೋಲರಿನ ಸೀಲನ್ನು ಹಲ್ಲಿನಿಂದಲೇ ಕಿತ್ತರು. ಆಸ್ಫಿಯಾ ಬಾಯಿ ತೆರೆದವಳು ಮುಚ್ಚಲಿಲ್ಲ.

ಜೋಡಿಯಾಗಿ ಓಡಿಸಿದರೂ ಸೋತರು. ಕೊನೆಗೆ ಗಡಿಯಾರ ನೋಡಿ ಗಾಬರಿಯಾಗಿ ಎದ್ದು, ಕಂಟ್ರೋಲರ್ ಕಡೆ ಕೈ ಚಾಚಿದರು. ಅಷ್ಟರಲ್ಲಿ ಮಲ್ಕಮ್ಮ ಅದನ್ನು ಸೆರಗಿನಿಂದ ಒರೆಸಿ ಟಿವಿಯ ಪಕ್ಕಕ್ಕಿಟ್ಟಿದ್ದಳು.

"ಸೀಲ್ ಒಡೆದ ಮಾಲು ಯಾರ್ ತಗೋತಾರ್ರಿ? ಇಲ್ಲೇ ಇರ್ಲಿ. ಮುಂದಿನ ಐತಾರ ಬಂದಾಗ ನಿಮ್ಗೇ ಬೇಕಾಗ್ತದ."

ಸೇಠರು ಕಾರಿನತ್ತ ನಡೆದರು. ಆಸ್ಫಿಯಾ ಹಿಂದೆಯೇ ಹೋದಳು. ಕೇಳದೆ ಇರಲಾಗಲಿಲ್ಲ.

"ಸೇಠ್ ಸಾಬ್, ನಾಳೆ ನಾ ಯಾವ ಕೌಂಟರ್ ರೀ?"

ಸೇಠರು ಕಾರಿನ ಬಾಗಿಲು ತೆಗೆದವರು ತಿರುಗಿದರು. "ಆಟದಾಗ ಆ ಕೆರಿ ತಿರುವು ಬರ್ತದಲ್ಲ, ಅಲ್ಲಿ ಮಲ್ಕಮ್ಮ ಹ್ಯಾಂಗ ಮುಂದ ಹೋಗ್ತಾಳ?"

"ಅಲ್ಲಿ ಬ್ರೇಕ್ ಹಿಡೀಬಾರ್ದ್ರಿ. ಮೊದಲೇ ಹೊರಳಸ್ಬೇಕು. ಬಾಯಿಲೇ ಹೇಳಿದ್ರ ಬರಂಗಿಲ್ರಿ, ಆಡೇ ಕಲೀಬೇಕು."

"ಹಂಗಾದ್ರ ನಾಳೆ ಅಂಗಡಿ ತೆಗೆದ ಕೂಡ್ಲೆ ಕಲಿಸು. ನಾಡಿದ್ದೂ ಕಲಿಸು. ಮಿಕ್ಸರಿಗೆ ಬ್ಯಾರೆ ಯಾರರ ನಿಲ್ತಾರ."

ಕಾರು ರಸ್ತೆಗೆ ಸೇರುವವರೆಗೂ ಆಸ್ಫಿಯಾ ಗಂಭೀರವಾಗಿಯೇ ನಿಂತಿದ್ದಳು. ಆಮೇಲೆ ತಡೆಯಲಾರದೆ ಒಬ್ಬಳೇ ಜೋರಾಗಿ ನಕ್ಕಳು. ಒಳಗಿನಿಂದ ಮಲ್ಕಮ್ಮನ ದನಿ ಬಂತು.

"ಮುಂಜಾನಿಂದ ಊರಿಗೆಲ್ಲಾ ಕಲಿಸ್ದಿ, ನೀ ಒಂದಾಟರ ಆಡಿದೇನು? ಬಾ ಬೇ, ಈಗ ನಿನ್ನ ಪಾಳಿ!"

ಆಸ್ಫಿಯಾ ಚಪ್ಪಲಿಯನ್ನು ಎಲ್ಲಿ ಬಿಟ್ಟಳೆಂದು ಕೂಡ ನೋಡದೆ ಒಳಗೆ ಓಡಿದಳು.